ಹೆಸರು ಬದಲಿಸಿ ನೋಡಿ

ಮಕ್ಕಳೇ, ಮೇಷ್ಟ್ರುಗಳೇ, ಜಾಗ ಸಾಲದೆ ಹಿಂದೆ ನಿಂತೇ ಕೇಳುತ್ತಿರುವ ಅಪ್ಪ ಅಮ್ಮಂದಿರೇ, ಎಲ್ಲರಿಗೂ ನಮಸ್ಕಾರ.

ಇನ್ನು 6 ದಿನಕ್ಕೆ ನಿಮ್ಮ ಬೀಳ್ಕೊಡುಗೆ. ಅವತ್ತು ಇದೇ ವೇದಿಕೆ ಮೇಲೆ ಒಬ್ಬೊಬ್ಬರ ಭವಿಷ್ಯ ಓದುತ್ತೀರಿ. 25 ವರ್ಷ ಆದಮೇಲೆ ಇವನು ಏನಾಗಿರುತ್ತಾನೆ, ಇವಳು ಎಲ್ಲಿರುತ್ತಾಳೆ ಅಂತ. ಅದನ್ನು ಬರೆಯುವವರು ಮುಂದಿನ ಸಾಲಲ್ಲೇ ಕೂತಿದ್ದೀರಿ. ಹಾಳೆ, ಪೆನ್ನು ಎಲ್ಲ ಕಾಣುತ್ತಿದೆ. ಇವತ್ತಿನ ಮಾತು ಮುಖ್ಯವಾಗಿ ನಿಮಗೆ. ಉಳಿದವರೂ ಕೇಳಿಸಿಕೊಳ್ಳಿ, ಯಾಕೆಂದರೆ ಬರೆಸಿಕೊಳ್ಳುವವರು ನೀವೇ ಅಲ್ವಾ?

ಈ ತಮಾಷೆ ನನಗೆ ಬಹಳ ಇಷ್ಟ. ಅದಕ್ಕೇ ಇದನ್ನು ಅವಸರದಲ್ಲಿ ಬರೆದು ಮುಗಿಸಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅಂಕಪಟ್ಟಿಯನ್ನು ಕೆಲಸ ಸಿಗುವ ತನಕ ಇಟ್ಟುಕೊಳ್ಳುತ್ತೇವೆ. ಭವಿಷ್ಯ ಬರೆದ ಈ ಮೂರು ಸಾಲಿನ ಚೀಟಿ ಮಾತ್ರ ಪರ್ಸಿನಲ್ಲಿ, ಡೈರಿಯ ನಡುವೆ, ಮಡಿಕೆ ಬಿದ್ದ ಕಡೆ ಹರಿದುಹೋಗುವ ತನಕ ಉಳಿಯುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ.

ನಮ್ಮ ಕ್ಲಾಸಿನ ಒಬ್ಬ ಹುಡುಗನ ಕಥೆ ಹೇಳಲೇಬೇಕು. ಯಾರ ಪೆನ್ನು ಕೆಟ್ಟರೂ ಅವನ ಹತ್ತಿರ ಹೋಗುತ್ತಿತ್ತು. ಕೆಡದ ಪೆನ್ನೂ ಹೋಗುತ್ತಿತ್ತು, ಯಾಕೆಂದರೆ ಅವನೇ ಕಿತ್ತುಕೊಳ್ಳುತ್ತಿದ್ದ. ಬೆಂಚಿನ ಮೇಲೆ ಕರ್ಚೀಫು ಹಾಸುವುದು. ಪೆನ್ನು ಬಿಚ್ಚುವುದು. ಮೇಲಿನ ಕೊಳವೆ, ಕೆಳಗಿನ ಕೊಳವೆ, ರೀಫಿಲ್, ಒತ್ತುವ ಗುಂಡಿ, ಸ್ಪ್ರಿಂಗ್, ಎಲ್ಲ ಸಾಲಾಗಿ ಇಡುವುದು. ರೀಫಿಲ್ಲಿನ ಹಿಂಬದಿಗೆ ಬಾಯಿಟ್ಟು ಉಫ್ ಅಂತ ಊದುವುದು. ಮತ್ತೆ ಜೋಡಿಸುವುದು. ಪೆನ್ನು ಚೆನ್ನಾಗಿಯೇ ಬರೆಯುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕರ್ಚೀಫಿನ ಮೇಲೆ ಒಂದು ಸ್ಪ್ರಿಂಗ್ ಉಳಿದಿರುತ್ತಿತ್ತು. ಅದನ್ನು ಎರಡು ಬೆರಳಲ್ಲಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ‘ಇದು ಮೊದಲಿಂದಲೂ ಜಾಸ್ತಿ ಇತ್ತು’ ಅನ್ನುತ್ತಿದ್ದ. ಆಮೇಲೆ ಆ ಪೆನ್ನಿನ ತುದಿ ಹೊರಗೆ ಬಂದರೆ ಒಳಗೆ ಹೋಗುತ್ತಿರಲಿಲ್ಲ, ಅಷ್ಟೇ. ಎಷ್ಟೋ ಜನರ ಜೇಬಿನಲ್ಲಿ ನೀಲಿ ಕಲೆ ಅವನ ದೆಸೆಯಿಂದಲೇ.

ನಮ್ಮ ತಂಡದಲ್ಲಿ ಮೂರು ಜನ ಬರೆಯುವವರು. ಅವನ ಚೀಟಿ ನನ್ನ ಪಾಲಿಗೆ ಬಂತು. ‘ಮುಂದೆ ದೊಡ್ಡ ಇಂಜಿನಿಯರ್ ಆಗುತ್ತಾನೆ, ಕಾರಿನಲ್ಲಿ ಓಡಾಡುತ್ತಾನೆ’ ಅಂತ ಬರೆದೆ. ತಂಡದ ಹಿರಿಯಳು ನಮ್ಮ ಕ್ಲಾಸಿನ ಮಾನಿಟರ್. ಅವಳು ಓದಿ ಕೇಳಿದಳು: ‘ಇದರಲ್ಲಿ ಅವನ ಹೆಸರು ಹೊಡೆದು ನಿನ್ನ ಹೆಸರು ಹಾಕಿದರೆ ಸರಿಹೋಗುತ್ತಾ?’ ಹೋಗುತ್ತೆ ಅಂದೆ. ‘ನನ್ನ ಹೆಸರು?’ ಅದೂ ಹೋಗುತ್ತೆ. ‘ಹಾಗಾದರೆ ಇದು ಅವನದಲ್ಲ’ ಅಂದವಳೇ ಚೀಟಿ ಹರಿದು ಕೈಗೆ ಕೊಟ್ಟಳು.

ಎರಡನೇ ಸಲ ಹೀಗೆ ಬರೆದೆ: ‘ಇವನು ರಾಕೆಟ್ ಕಟ್ಟುತ್ತಾನೆ. ರಾಕೆಟ್ ಹಾರುತ್ತದೆ. ಚಂದ್ರನ ಮೇಲೆ ಸರಿಯಾಗಿ ಇಳಿಯುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುವಾಗ ಇವನು ಮೂಲೆಯಲ್ಲಿ ನಿಂತು, ಕೈಯಲ್ಲಿ ಉಳಿದ ಒಂದು ಸ್ಪ್ರಿಂಗನ್ನು ಬೆಳಕಿಗೆ ಹಿಡಿದು ನೋಡುತ್ತಿರುತ್ತಾನೆ.’

ಸಭೆಯಲ್ಲಿ ಓದಿದಾಗ ಎಲ್ಲರಿಗಿಂತ ಮೊದಲು ನಕ್ಕಿದ್ದು ಅವನೇ. ನಕ್ಕು, ಜೇಬಿಗೆ ಕೈ ಹಾಕಿ, ನಿಜವಾಗಿಯೂ ಒಂದು ಸ್ಪ್ರಿಂಗ್ ತೆಗೆದು ಮೇಲೆತ್ತಿ ತೋರಿಸಿದ. ಆಮೇಲೆ ಐದು ನಿಮಿಷ ಯಾರ ಭವಿಷ್ಯವನ್ನೂ ಓದಲು ಆಗಲಿಲ್ಲ.

ಅವನು ರಾಕೆಟ್ ಕಟ್ಟಲಿಲ್ಲ. ಲೆಕ್ಕಪತ್ರ ನೋಡುವ ಕೆಲಸಕ್ಕೆ ಸೇರಿದ. ಬಹಳ ವರ್ಷದ ಮೇಲೆ ಸಿಕ್ಕಾಗ ಆ ಚೀಟಿ ಅವನ ಪರ್ಸಿನಲ್ಲಿತ್ತು. ‘ವರ್ಷದ ಕೊನೆಗೆ ಲೆಕ್ಕ ಕೂಡಿಸುವಾಗ ಒಂದು ಅಂಕಿ ಜಾಸ್ತಿ ಉಳಿದರೂ ನನಗೆ ರಾತ್ರಿ ನಿದ್ದೆ ಬರಲ್ಲ ಕಣೋ. ಎಲ್ಲಿಂದ ಬಂತು ಅಂತ ಹುಡುಕಿಯೇ ಮಲಗೋದು’ ಅಂದ. ನೋಡಿ, ಕೆಲಸದ ವಿಷಯದಲ್ಲಿ ನನ್ನ ಭವಿಷ್ಯ ಪೂರ್ತಿ ಸುಳ್ಳಾಯಿತು. ಸ್ಪ್ರಿಂಗಿನ ವಿಷಯದಲ್ಲಿ ಆಗಲಿಲ್ಲ.

ಆವತ್ತು ಆ ಹುಡುಗಿ ಕೇಳಿದ ಪ್ರಶ್ನೆಯನ್ನೇ ಇವತ್ತು ನಿಮಗೆ ಕೊಡಲು ಬಂದಿದ್ದೇನೆ. ಹೆಸರು ಬದಲಿಸಿ ನೋಡಿ.

ಇದು ನಮ್ಮ ಕ್ಲಾಸಿನಲ್ಲಷ್ಟೇ ನಡೆದ ಮಾತು ಅಂದುಕೊಳ್ಳಬೇಡಿ. 1948ರಲ್ಲಿ ಬರ್ಟ್ರಮ್ ಫೋರರ್ ಅನ್ನುವ ಮನಶ್ಶಾಸ್ತ್ರಜ್ಞರು ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟರು. ವಾರದ ನಂತರ, ಇದು ನಿಮ್ಮ ಸ್ವಭಾವದ ವರದಿ ಅಂತ ಒಬ್ಬೊಬ್ಬರ ಕೈಗೂ ಒಂದು ಹಾಳೆ ಇಟ್ಟರು. ಎಷ್ಟು ಸರಿಯಾಗಿದೆ, 5ಕ್ಕೆ ಎಷ್ಟು ಅಂಕ ಕೊಡುತ್ತೀರಿ ಅಂತ ಕೇಳಿದರು. ಸರಾಸರಿ 4.26 ಬಂತು! ಆಮೇಲೆ ನೋಡಿದರೆ 39 ಹಾಳೆಯಲ್ಲೂ ಒಂದೇ ಬರಹ. ಅದರ ಹೆಚ್ಚಿನ ಸಾಲುಗಳನ್ನು ಅವರು ಆಯ್ದುಕೊಂಡಿದ್ದು ಅಂಗಡಿಯಲ್ಲಿ ಮಾರುವ ಒಂದು ಜ್ಯೋತಿಷ್ಯದ ಪುಸ್ತಕದಿಂದ. ನಾಲ್ಕು ಜನ ನಿಮ್ಮನ್ನು ಮೆಚ್ಚಬೇಕು ಅನ್ನುವ ಆಸೆ ನಿಮಗಿದೆ, ಕೆಲವೊಮ್ಮೆ ಎಲ್ಲರೊಂದಿಗೆ ಬೆರೆಯುತ್ತೀರಿ, ಕೆಲವೊಮ್ಮೆ ಒಬ್ಬರೇ ಇರಲು ಇಷ್ಟಪಡುತ್ತೀರಿ, ಈ ಥರ. ಯಾರಿಗೆ ತಾನೇ ಸರಿಹೋಗಲ್ಲ ಹೇಳಿ? ಎಲ್ಲರಿಗೂ ಸರಿಹೋಗುವ ಮಾತು ಕೇಳಲು ಚೆನ್ನಾಗಿರುತ್ತದೆ. ಮೋಸ ಇರುವುದೇ ಅಲ್ಲಿ. ‘ದೊಡ್ಡ ಡಾಕ್ಟರ್ ಆಗಿ ಬಡವರ ಸೇವೆ ಮಾಡುತ್ತಾಳೆ’ ಅಂತ ಓದಿದರೆ ಅವಳಿಗೆ ಖುಷಿ ಆಗಬಹುದು. ಹೆಸರು ಬದಲಿಸಿ ನೋಡಿ, ನಿಮ್ಮ ಕ್ಲಾಸಿನ 20 ಜನಕ್ಕೆ ಅದೇ ಅಂಗಿ ಸರಿಹೋಗುತ್ತದೆ.

ಅಮೆರಿಕದ ಹೈಸ್ಕೂಲುಗಳಲ್ಲಿ ಇದು 100 ವರ್ಷಕ್ಕೂ ಹಳೆಯ ಪದ್ಧತಿ. ಅಲ್ಲಿ ಇದಕ್ಕೆ ಕ್ಲಾಸ್ ಪ್ರಾಫೆಸಿ ಅಂತಲೇ ಹೆಸರು. ಶಾಲೆ ಮುಗಿಸುವವರ ವಾರ್ಷಿಕ ಪುಸ್ತಕದಲ್ಲಿ ಕ್ಲಾಸಿನ ಚರಿತ್ರೆ, ಕ್ಲಾಸಿನ ಪದ್ಯ, ಕ್ಲಾಸಿನ ಉಯಿಲು, ಇವುಗಳ ಪಕ್ಕದಲ್ಲಿ ಭವಿಷ್ಯವಾಣಿ. ಉಯಿಲು ಅಂದರೆ ಆಸ್ತಿಯದಲ್ಲ. ನನ್ನ ಕೊನೇ ಬೆಂಚನ್ನು ಮುಂದಿನ ವರ್ಷದವರಿಗೆ ಬಿಟ್ಟುಹೋಗುತ್ತಿದ್ದೇನೆ ಅನ್ನುವಂಥದ್ದು. ಅದನ್ನೂ ಒಮ್ಮೆ ಮಾಡಿ ನೋಡಿ, ಬಹಳ ಚೆನ್ನಾಗಿರುತ್ತದೆ. ಆ ಭವಿಷ್ಯಗಳನ್ನು ಕಟ್ಟುವ ದಾರಿಗಳು ಗೊತ್ತಿರುವಂಥವೇ. ಕನಸಿನಲ್ಲಿ ಕಂಡೆ, ಗಾಜಿನ ಗೋಳದಲ್ಲಿ ನೋಡಿದೆ, ವಿಮಾನದಲ್ಲಿ ಊರೂರು ಸುತ್ತಿ ಹಳೇ ಗೆಳೆಯರನ್ನು ಹುಡುಕಿದೆ, ಮುಂದಿನ ಕಾಲದ ಪೇಪರು ಸಿಕ್ಕಿತು. ಇವುಗಳಲ್ಲಿ ಯಾವುದನ್ನು ಬೇಕಾದರೂ ಎತ್ತಿಕೊಳ್ಳಿ, ತಪ್ಪಿಲ್ಲ. ನನ್ನ ಮೆಚ್ಚಿನದು ಪೇಪರು. ಸುದ್ದಿಯ ಧಾಟಿಯಲ್ಲಿ ಬರೆದರೆ ಮಾತು ತಾನಾಗಿಯೇ ಚಿಕ್ಕದಾಗುತ್ತದೆ, ನಗು ಬೇಗ ಬರುತ್ತದೆ.

ಈಗ ದೊಡ್ಡವರಿಗೆ ಒಂದು ಮಾತು. ನಾವು ಮಕ್ಕಳ ಭವಿಷ್ಯವನ್ನು ಗಂಭೀರವಾಗಿ ಹೇಳುತ್ತೇವೆ. ಅಲ್ಲೇ ನನಗೆ ಭಯ.

ಅಮೆರಿಕದ ಮನಶ್ಶಾಸ್ತ್ರಜ್ಞ ಲೂಯಿಸ್ ಟರ್ಮನ್ 1921ರಲ್ಲಿ ಬುದ್ಧಿವಂತ ಮಕ್ಕಳನ್ನು ಆರಿಸಿ ಜೀವನಪೂರ್ತಿ ಅವರನ್ನು ಗಮನಿಸುವ ಕೆಲಸ ಶುರು ಮಾಡಿದರು. ಐಕ್ಯೂ ಪರೀಕ್ಷೆ ಮಾಡಿ 1,500ಕ್ಕೂ ಹೆಚ್ಚು ಮಕ್ಕಳನ್ನು ಆರಿಸಿದರು. ಅಂಕ ಸಾಲದೆ ಹೊರಗೆ ಉಳಿದವರಲ್ಲಿ ಇಬ್ಬರು ಹುಡುಗರಿದ್ದರು. ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್. ಒಬ್ಬರಿಗೆ 1956ರಲ್ಲಿ, ಇನ್ನೊಬ್ಬರಿಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆರಿಸಿಕೊಂಡ ಅಷ್ಟೂ ಮಕ್ಕಳಲ್ಲಿ ಒಬ್ಬರಿಗೂ ಬರಲಿಲ್ಲ.

ಇನ್ನೊಂದು ಇಂಗ್ಲೆಂಡಿನದು. 1949ರಲ್ಲಿ ಈಟನ್ ಶಾಲೆಯ ಜೀವಶಾಸ್ತ್ರದ ಮೇಷ್ಟ್ರು ಒಬ್ಬ ಹುಡುಗನ ವರದಿಯಲ್ಲಿ, ಇವನಿಗೆ ವಿಜ್ಞಾನಿ ಆಗುವ ಯೋಚನೆ ಇದೆಯಂತೆ, ಈಗಿನ ಸ್ಥಿತಿ ನೋಡಿದರೆ ಅದು ನಗೆಪಾಟಲು ಅನ್ನುವ ಅರ್ಥದಲ್ಲಿ ಬರೆದರು. ಆ ಹುಡುಗ ಜಾನ್ ಗರ್ಡನ್. 2012ರಲ್ಲಿ ಅವರಿಗೆ ವೈದ್ಯಶಾಸ್ತ್ರದ ನೊಬೆಲ್ ಬಂತು. ಆ ವರದಿಗೆ ಚೌಕಟ್ಟು ಹಾಕಿಸಿ ತಮ್ಮ ಕೆಲಸದ ಕೋಣೆಯಲ್ಲಿ ಇಟ್ಟುಕೊಂಡಿದ್ದರು. ಅಷ್ಟು ವರ್ಷ ಆ ಸಾಲು ಅವರನ್ನು ಬಿಟ್ಟಿರಲಿಲ್ಲ ಅಂತ ತಾನೇ ಅರ್ಥ? ಗರ್ಡನ್ ಗಟ್ಟಿ ಮನುಷ್ಯ, ಗೆದ್ದರು. ಅಂಥದೇ ಸಾಲು ಬರೆಸಿಕೊಂಡು ಪ್ರಯತ್ನವನ್ನೇ ಬಿಟ್ಟವರ ಹೆಸರು ನಮಗೆ ಸಿಗುವುದಿಲ್ಲ. ಅವರ ಬಗ್ಗೆ ನಾನು ಜಾಸ್ತಿ ಯೋಚಿಸುತ್ತೇನೆ.

ಹೇಳಿದ ಭವಿಷ್ಯವೇ ಅದನ್ನು ನಿಜ ಮಾಡಿಬಿಡಬಹುದು ಅಂತ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1948ರಲ್ಲೇ ಬರೆದರು. ಹಾಗಾಗಿ ಮೇಷ್ಟ್ರುಗಳಲ್ಲಿ ನನ್ನ ವಿನಂತಿ: ‘ಗೆಲ್ಲುವ ಹುಡುಗ’, ‘ಗೆಲ್ಲುವ ಹುಡುಗಿ’ ಅಂತ ವೇದಿಕೆ ಮೇಲೆ ಪಟ್ಟ ಕಟ್ಟಬೇಡಿ. ಇಬ್ಬರಿಗೆ ಪಟ್ಟ ಕಟ್ಟಿದರೆ ಉಳಿದವರಿಗೆ ಏನು ಹೇಳಿದ ಹಾಗಾಯಿತು? ತಮಾಷೆಯ ಭವಿಷ್ಯಕ್ಕೆ ಈ ದೋಷ ಇಲ್ಲ. ಅದು ನಿಜವಾಗಲಿ ಅಂತ ಯಾರೂ ಕಾಯುವುದಿಲ್ಲ. ಚಂದ್ರನ ಮೇಲೆ ರಾಕೆಟ್ ಇಳಿಸದಿದ್ದಕ್ಕೆ ನನ್ನ ಗೆಳೆಯನನ್ನು ಯಾರೂ ಸೋತವನು ಅನ್ನಲಿಲ್ಲ.

ಬರೆಯುವವರೇ, ಮತ್ತೆ ನಿಮ್ಮ ಕಡೆ ಬರುತ್ತೇನೆ. ಸಾಮಾನ್ಯವಾಗಿ ತಂಡಗಳು ಎಡವುವುದು ತಡವಾಗಿ ಬರುವ ಹುಡುಗನ ಹತ್ತಿರ. ‘ತನ್ನ ಮದುವೆಗೇ ತಡವಾಗಿ ಬರುತ್ತಾನೆ’ ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ. ಹೆಸರು ಬದಲಿಸಿ ನೋಡಿ. ಲೋಕದಲ್ಲಿ ತಡವಾಗಿ ಬರುವ ಎಲ್ಲರಿಗೂ ಅದು ಸರಿಹೋಗುತ್ತದೆ! ಇನ್ನೂ ಸ್ವಲ್ಪ ಹತ್ತಿರ ಹೋಗಿ. ನಾನು ಪಾಠ ಮಾಡುತ್ತಿದ್ದ ಕ್ಲಾಸಿನಲ್ಲಿ ಒಬ್ಬನಿದ್ದ. ಪ್ರತಿದಿನ ತಡ. ಆದರೆ ವರ್ಷವಿಡೀ ಹೇಳಿದ ಕಾರಣವನ್ನು ಮತ್ತೆ ಹೇಳಿದವನಲ್ಲ. ಅವನಿಗೆ ಮಕ್ಕಳು ಬರೆದದ್ದು ಹೀಗೆ: ‘ಇವನು 40 ಕಾದಂಬರಿ ಬರೆಯುತ್ತಾನೆ. ದೊಡ್ಡ ಪ್ರಶಸ್ತಿ ಬರುತ್ತದೆ. ಸಮಾರಂಭಕ್ಕೆ ತಡವಾಗಿ ಬರುತ್ತಾನೆ. ಅದಕ್ಕೆ ಹೇಳಿದ ಕಾರಣವೇ 41ನೆಯ ಕಾದಂಬರಿ.’ ಇನ್ನೊಬ್ಬಳು ಗಂಟೆ ಹೊಡೆದ ಮೇಲೆಯೇ ‘ಸಾರ್, ಒಂದೇ ಒಂದು ಡೌಟು’ ಅಂತ ಏಳುತ್ತಿದ್ದಳು. ಎಲ್ಲರ ಚೀಲವೂ ಹೆಗಲಿಗೆ ಏರಿರುತ್ತಿತ್ತು. ಅವಳಿಗೆ: ‘ಬಾಹ್ಯಾಕಾಶಕ್ಕೆ ಹೊರಟಿದ್ದಾಳೆ. ಬಾಗಿಲು ಮುಚ್ಚಿದೆ. 3, 2, 1 ಅನ್ನುವಾಗ ಕೈ ಎತ್ತುತ್ತಾಳೆ.’

ಮೂರರಲ್ಲೂ ಏನಿದೆ ನೋಡಿ. ಸ್ಪ್ರಿಂಗ್, ಕಾರಣ, ಡೌಟು. ಅವರು ದಿನಾ ಮಾಡುವ ಒಂದು ಚಿಕ್ಕ ಕೆಲಸ. ಅದನ್ನೇ ದೊಡ್ಡ ಜಾಗಕ್ಕೆ ಎತ್ತಿಕೊಂಡು ಹೋಗಿದ್ದೇವೆ. ಮೈ ಬಣ್ಣ ಇಲ್ಲ. ದಪ್ಪ, ಸಣ್ಣ, ಕುಳ್ಳ ಇಲ್ಲ. ತೊದಲು ಇಲ್ಲ. ಮನೆಯ ಬಡತನ ಇಲ್ಲ. ಅಪ್ಪನ ಕೆಲಸ ಇಲ್ಲ. ಅವುಗಳನ್ನು ಇಟ್ಟುಕೊಂಡು ಬರೆದರೆ ಸಭೆ ನಗಬಹುದು. ನಡುವೆ ಕೂತ ಒಂದು ಮಗು ನಕ್ಕ ಹಾಗೆ ಮಾಡುತ್ತದೆ. ಆ ಮುಖ ನಾನು ನೋಡಿದ್ದೇನೆ, ಇವತ್ತಿಗೂ ಮರೆಯಲು ಆಗಿಲ್ಲ.

ಚೀಟಿ ಬಂತು. ಐದೇ ನಿಮಿಷ ಅಂತೆ. ಸರಿ, ಬರೆದುಕೊಂಡು ಬಂದದ್ದರಲ್ಲಿ ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಸಭೆಗೆ ಮುಂಚೆ ಅವರವರ ಚೀಟಿ ಅವರವರಿಗೆ ತೋರಿಸಿ. ಬೇಡ ಅಂದರೆ ಯಾಕೆ ಅಂತ ಕೇಳದೆ ಹರಿದುಹಾಕಿ, ಬೇರೆ ಬರೆಯಿರಿ. ಯಾರನ್ನೂ ಯಾರ ಜೊತೆಗೂ ಜೋಡಿ ಮಾಡಬೇಡಿ. ಮೂರು ಸಾಲು ಸಾಕು. ಮತ್ತೆ, ಎಲ್ಲರೂ ಈಗಿನ ಹಾಗೆಯೇ ಇರುತ್ತಾರೆ ಅಂದುಕೊಳ್ಳಬೇಡಿ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 18ರಿಂದ 68 ವರ್ಷದ 19,000ಕ್ಕೂ ಹೆಚ್ಚು ಜನರನ್ನು ಕೇಳಿದ್ದರು. ಎಲ್ಲ ವಯಸ್ಸಿನವರೂ, ಕಳೆದ 10 ವರ್ಷದಲ್ಲಿ ನಾನು ಬಹಳ ಬದಲಾದೆ, ಮುಂದಿನ 10 ವರ್ಷದಲ್ಲಿ ಅಷ್ಟೇನೂ ಬದಲಾಗಲ್ಲ ಅನ್ನುವ ಲೆಕ್ಕದಲ್ಲೇ ಇದ್ದರು. ಇದರ ಬಗ್ಗೆ ಇನ್ನೂ ಹೇಳುವುದಿತ್ತು, ಬಿಡಿ.

ಒಂದನ್ನು ಮಾತ್ರ ಬಿಡಲು ಆಗುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಕೆಲವು ಹೆಸರುಗಳ ಮುಂದೆ ಜಾಗ ಖಾಲಿ ಇದೆ ಅಲ್ವಾ? ನಮ್ಮ ಪಟ್ಟಿಯಲ್ಲೂ ಇತ್ತು. ಕಿಟಕಿ ಪಕ್ಕ ಕೂರುತ್ತಿದ್ದ ಒಬ್ಬ ಹುಡುಗಿ. ಮಾತಿಲ್ಲ, ಗಲಾಟೆ ಇಲ್ಲ. ಕೊನೆಗೆ ‘ಒಳ್ಳೆಯ ಹುಡುಗಿ, ಒಳ್ಳೆಯದಾಗುತ್ತದೆ’ ಅಂತ ನಾನೇ ಬರೆದೆ. ಮಾನಿಟರ್ ಅವತ್ತು ರಜೆ. ಸಭೆಯಲ್ಲಿ ಓದಿದಾಗ ಯಾರೂ ನಗಲಿಲ್ಲ, ಯಾರೂ ಬೇಜಾರೂ ಮಾಡಿಕೊಳ್ಳಲಿಲ್ಲ. ಮುಂದಿನ ಹೆಸರಿಗೆ ಹೋದೆವು. ಹೊರಗೆ ಬಂದಾಗ ಅವಳು ಹತ್ತಿರ ಬಂದು ಕೇಳಿದಳು: ‘ನನ್ನ ಬಗ್ಗೆ ಬರೆಯೋಕೆ ಏನೂ ಸಿಗಲಿಲ್ವಾ?’

ಜಗಳ ಮಾಡಿದ್ದರೆ ಚೆನ್ನಾಗಿತ್ತು. ಸುಮ್ನೆ ಕೇಳಿ ಹೋದಳು.

ಬೀಳ್ಕೊಡುಗೆಯ ನಂತರ ಇನ್ನೂ ಕೆಲವು ದಿನ ಕ್ಲಾಸ್ ಇತ್ತು. ನಾನು ಅವಳನ್ನು ಗಮನಿಸಿದೆ. ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಕಿಟಕಿಯಿಂದ ಬಿಸಿಲು ಒಳಗೆ ಬರುತ್ತಿತ್ತು. ಅದು ಪಕ್ಕದವಳ ಪುಸ್ತಕದ ಮೇಲೆ ಬೀಳುವ ಮುಂಚೆಯೇ ಇವಳ ಎಡಗೈ ಕಿಟಕಿಯ ಬಾಗಿಲನ್ನು ಒಂದು ಬೆರಳಿನಷ್ಟು ಎಳೆಯುತ್ತಿತ್ತು. ಬಿಸಿಲು ಜರುಗಿದ ಹಾಗೆ ಇನ್ನೊಂದು ಬೆರಳು. ಬಲಗೈ ಬರೆಯುತ್ತಲೇ ಇರುತ್ತಿತ್ತು. ಪಕ್ಕದವಳಿಗೆ ಇದು ಗೊತ್ತೇ ಇರಲಿಲ್ಲ. ವರ್ಷವಿಡೀ ಅವಳ ಹಿಂದೆಯೇ ಕೂತ ನನಗೂ ಗೊತ್ತಿರಲಿಲ್ಲ.

ಕೊನೆಯ ಪರೀಕ್ಷೆಯ ದಿನ ಒಂದು ಚೀಟಿ ಬರೆದುಕೊಂಡು ಹೋಗಿ ಕೊಟ್ಟೆ. ‘ಮುಂದೆ ಇವಳು ಒಂದು ದೊಡ್ಡ ಕೆಲಸಕ್ಕೆ ಸೇರುತ್ತಾಳೆ. ಸ್ವಲ್ಪ ಪಕ್ಕಕ್ಕೆ ಸರಿಯಪ್ಪಾ ಅಂತ ದಿನಾ ಮಧ್ಯಾಹ್ನ ಸೂರ್ಯನಿಗೆ ಹೇಳುವ ಕೆಲಸ. ಸೂರ್ಯ ಸರಿಯುತ್ತಾನೆ.’

ಅವಳು ಎರಡು ಸಲ ಓದಿದಳು. ‘ಹೆಸರೇ ಬರೆದಿಲ್ಲ’ ಅಂದಳು. ಅವಸರದಲ್ಲಿ ಮರೆತಿದ್ದೆ. ಬರೆದುಕೊಡುತ್ತೇನೆ ಅಂತ ಕೈ ಚಾಚಿದೆ. ಅವಳು ಚೀಟಿ ಮಡಿಸಿ ಜಾಮಿಟ್ರಿ ಬಾಕ್ಸಿನೊಳಗೆ ಇಟ್ಟುಕೊಂಡಳು. ‘ಬೇಡ ಬಿಡು. ಇದು ನಂದೇ ಅಂತ ಗೊತ್ತಾಗುತ್ತೆ.’