ಬೊಕ್ಕಸದ ಕೀಲಿ ಯಾರ ಕೈಯಲ್ಲಿ?

ಕೇಳುಗರೆಲ್ಲರಿಗೂ ನಮಸ್ಕಾರ.

ಪ್ಯಾಲೆಸ್ತೀನಿನ ಪಶ್ಚಿಮ ದಂಡೆಯ ರಾಮಲ್ಲಾ ಊರಿನ ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರನ್ನು ನೆನೆಸಿಕೊಳ್ಳಿ. ತಿಂಗಳು ಮುಗಿದಿದೆ. ಸಂಬಳ ಪೂರ್ತಿ ಬರುತ್ತಾ, ಅರ್ಧ ಬರುತ್ತಾ? ಎಷ್ಟೋ ಸಲ ಅವರ ಸರ್ಕಾರಕ್ಕೇ ಇದು ಗೊತ್ತಿರುವುದಿಲ್ಲ.

ಇದರ ಬೇರು 1994ರಲ್ಲಿದೆ. ಇಸ್ರೇಲ್ ಮತ್ತು ಪ್ಯಾಲೆಸ್ತೀನ್ ನಾಯಕರ ನಡುವೆ ಓಸ್ಲೊ ಶಾಂತಿ ಒಪ್ಪಂದ ಆದ ಮರುವರ್ಷ, ಪ್ಯಾಲೆಸ್ತೀನಿಯರ ಸೀಮಿತ ಅಧಿಕಾರದ ಸರ್ಕಾರವಾದ ಪ್ಯಾಲೆಸ್ತೀನ್ ಪ್ರಾಧಿಕಾರ ಹುಟ್ಟಿತು. ಆಗಲೇ ಪ್ಯಾರಿಸ್‌ನಲ್ಲಿ ಹಣಕಾಸಿನ ಒಪ್ಪಂದಕ್ಕೂ ಸಹಿ ಬಿತ್ತು. ಅದರ ಪ್ರಕಾರ, ಪ್ಯಾಲೆಸ್ತೀನಿಯರು ಹೊರಗಿನಿಂದ ತರಿಸುವ ಸರಕಿನ ಮೇಲಿನ ಸುಂಕವನ್ನು ಇಸ್ರೇಲ್ ವಸೂಲಿ ಮಾಡುತ್ತದೆ. ಶೇಕಡಾ 3ರಷ್ಟು ತನ್ನ ಖರ್ಚಿಗೆ ಹಿಡಿದುಕೊಂಡು, ಉಳಿದದ್ದನ್ನು ತಿಂಗಳು ತಿಂಗಳು ಪ್ರಾಧಿಕಾರಕ್ಕೆ ಕೊಡಬೇಕು. ಆ ಸರ್ಕಾರದ ಸ್ವಂತ ವರಮಾನದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಇದೇ ದುಡ್ಡು. ಅದು ನಿಂತರೆ ಮನೆಮನೆಯ ಒಲೆಗೆ ತಟ್ಟುತ್ತದೆ. 2006ರ ಚುನಾವಣೆಯಲ್ಲಿ, ಇಸ್ರೇಲ್ ವಿರುದ್ಧ ಹೋರಾಡುವ ಸಶಸ್ತ್ರ ಸಂಘಟನೆ ಹಮಾಸ್ ಗೆದ್ದಾಗ ಇಸ್ರೇಲ್ ಅದನ್ನು ತಡೆಹಿಡಿಯಿತು. 2019ರಲ್ಲಿ, ಇಸ್ರೇಲ್ ಜೈಲಿನಲ್ಲಿದ್ದ ಪ್ಯಾಲೆಸ್ತೀನ್ ಕೈದಿಗಳ ಕುಟುಂಬಗಳಿಗೆ ಪ್ರಾಧಿಕಾರ ಕೊಡುತ್ತಿದ್ದ ಹಣ ಹಿಂಸೆಗೆ ಕುಮ್ಮಕ್ಕು ಅಂತ ಹೇಳಿ, ಒಂದು ಪಾಲನ್ನು ಕಡಿತ ಮಾಡತೊಡಗಿತು. ಸಿಟ್ಟಿಗೆದ್ದ ಪ್ರಾಧಿಕಾರ ಉಳಿದ ಹಣವನ್ನೂ ಕೆಲವು ತಿಂಗಳು ಮುಟ್ಟಲಿಲ್ಲ. ನೌಕರರಿಗೆ ಸಂಬಳ ಕಡಿಮೆಯಾಯಿತು.

ಹಾಗಾದರೆ ವಿದೇಶಿ ನೆರವು? ಅದೇನೂ ಕಡಿಮೆ ಬಂದಿಲ್ಲ. 2007ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ದೇಶಗಳು 700 ಕೋಟಿ ಡಾಲರ್‌ಗೂ ಜಾಸ್ತಿ ಕೊಡುವ ಮಾತು ಕೊಟ್ಟವು. ಆಗ ಪ್ರಧಾನಿಯಾಗಿದ್ದವರು ಸಲಾಮ್ ಫಯ್ಯಾದ್. ಹಿಂದೆ ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿ ಕೆಲಸ ಮಾಡಿದವರು. ಮೊದಲು ಕಚೇರಿ, ಲೆಕ್ಕಪತ್ರ, ಪೊಲೀಸ್ ವ್ಯವಸ್ಥೆ ಎಲ್ಲ ಸರಿಮಾಡೋಣ, ದೇಶ ತಾನಾಗಿ ಮೂಡುತ್ತದೆ ಅನ್ನುವುದು ಅವರ ನಂಬಿಕೆ. 2009ರಲ್ಲಿ ಎರಡು ವರ್ಷದ ಗಡುವು ಹಾಕಿಕೊಂಡರು. 2011ರಲ್ಲಿ ವಿಶ್ವಬ್ಯಾಂಕ್ ಕೂಡ ಮೆಚ್ಚಿ, ಇವರು ದೇಶ ನಡೆಸಲು ತಯಾರಿದ್ದಾರೆ ಅಂದಿತು.

ಆದರೂ ದೇಶ ಆಗಲಿಲ್ಲ. ಪಶ್ಚಿಮ ದಂಡೆಯ ಸುಮಾರು ಶೇಕಡಾ 60ರಷ್ಟು ನೆಲ, ಅಂದರೆ 'ಸಿ' ವಲಯ, ಪೂರ್ತಿ ಇಸ್ರೇಲ್ ಹಿಡಿತದಲ್ಲೇ ಉಳಿಯಿತು. ಅಲ್ಲಿ ಬಾವಿ ತೋಡಲೂ ಅವರ ಅನುಮತಿ ಬೇಕು. ಪ್ಯಾಲೆಸ್ತೀನಿನ ಇನ್ನೊಂದು ಭಾಗವಾದ ಗಾಜಾ 2007ರಲ್ಲೇ ಹಮಾಸ್ ಪಾಲಾಗಿತ್ತು. ಪ್ಯಾಲೆಸ್ತೀನ್ ನಾಯಕರ ತಪ್ಪೂ ಇದೆ, ಅದನ್ನು ಮುಚ್ಚಿಡಬಾರದು. ಅಧ್ಯಕ್ಷ ಮಹಮೂದ್ ಅಬ್ಬಾಸ್ 2005ರಲ್ಲಿ ನಾಲ್ಕು ವರ್ಷಕ್ಕೆ ಆಯ್ಕೆಯಾದವರು. ಆಮೇಲೆ ಅಧ್ಯಕ್ಷರ ಚುನಾವಣೆಯೇ ನಡೆಯದೆ ವರ್ಷಗಟ್ಟಲೆ ಅದೇ ಕುರ್ಚಿಯಲ್ಲಿ ಮುಂದುವರಿದರು.

ನೆರವು ಕೊಟ್ಟ ದೇಶಗಳ ಬಗ್ಗೆ ನನಗೆ ಬೇಸರ ಇರುವುದು ಇಲ್ಲಿಯೇ. ದುಡ್ಡು ಕೊಟ್ಟರು. ಗಡಿ ಯಾರದು, ನೆಲ ಯಾರದು ಅನ್ನುವ ಕಷ್ಟದ ಮಾತನ್ನು ಮುಂದೂಡುತ್ತಲೇ ಬಂದರು.

ಇದಕ್ಕೊಂದು ಉದಾಹರಣೆ ನೋಡಿ. ಗಾಜಾದ ದಕ್ಷಿಣ ತುದಿಯಲ್ಲಿ, ರಫಾ ಹತ್ತಿರ, 1998ರಲ್ಲಿ ಒಂದು ವಿಮಾನ ನಿಲ್ದಾಣ ಶುರುವಾಯಿತು. ಜಪಾನ್, ಸ್ಪೇನ್, ಜರ್ಮನಿ, ಈಜಿಪ್ಟ್, ಸೌದಿ ಅರೇಬಿಯಾ ಎಲ್ಲ ಹಣ ಹಾಕಿದ್ದವು. ಜನ ಕುಣಿದು ಸಂಭ್ರಮಿಸಿದರು. ಎರಡನೇ ಇಂತಿಫಾದಾ, ಅಂದರೆ ಇಸ್ರೇಲ್ ವಿರುದ್ಧ ಪ್ಯಾಲೆಸ್ತೀನಿಯರ ದಂಗೆ, ಹೊತ್ತಿಕೊಂಡ ಮೇಲೆ ವಿಮಾನಗಳ ಓಡಾಟ ನಿಂತಿತು. 2001ರ ಕೊನೆಗೆ ಇಸ್ರೇಲ್ ಸೇನೆ ಅದರ ರಾಡಾರ್ ಕೇಂದ್ರವನ್ನು ಒಡೆಯಿತು. ಮುಂದಿನ ತಿಂಗಳು ಬುಲ್ಡೋಜರ್‌ಗಳು ರನ್‌ವೇಯನ್ನು ಅಗೆದುಹಾಕಿದವು. ಆಮೇಲೆ ಗಾಜಾಕ್ಕೆ ದಿಗ್ಬಂಧನ ಬಿದ್ದು ಸಿಮೆಂಟಿಗೂ ಬರ ಬಂದಾಗ, ಜನ ಅಲ್ಲಿಗೆ ಹೋಗಿ ಒಡೆದ ಕಲ್ಲು, ಜಲ್ಲಿ ಆರಿಸಿ ಮನೆ ಕಟ್ಟಲು ಗಾಡಿಗೆ ತುಂಬಿಕೊಂಡು ಬಂದರು.