ಡ್ಯಾಶ್‌ಬೋರ್ಡಿನ ಹಳೆಯ ಬಣ್ಣ ಹುಡುಕುತ್ತಾ

ಕೇಳುಗರೆಲ್ಲರಿಗೂ ನಮಸ್ಕಾರ.

ಹಳೆಯ ಕಾರಿನ ಆರ್‌ಸಿ ಪುಸ್ತಕ ತೆಗೆದು ನೋಡಿ, ಗಾಡಿಯ ಬಣ್ಣ ಯಾವುದೆಂದು ಬರೆದಿರುತ್ತದೆ. ಅದು ಹೊರಮೈಯ ಬಣ್ಣ. ಒಳಗೆ ಡ್ಯಾಶ್‌ಬೋರ್ಡಿಗೆ, ಬಾಗಿಲಿನ ಮೇಲಂಚಿಗೆ, ಸ್ಟೇರಿಂಗ್ ಕಂಬಕ್ಕೆ ಕಾರ್ಖಾನೆಯವರು ಏನು ಹೊಡೆದಿದ್ದರು ಎಂಬುದಕ್ಕೆ ಆ ಪುಸ್ತಕದಲ್ಲಿ ಜಾಗವೇ ಇಲ್ಲ. ಕೆಲವು ವಿದೇಶಿ ಗಾಡಿಗಳ ಬಾನೆಟ್ ಕೆಳಗೆ ಬಣ್ಣದ ಕೋಡ್ ಕೊರೆದ ತಗಡಿನ ಪಟ್ಟಿ ಇರುತ್ತದೆ. ಸಿಕ್ಕರೆ ಒಳ್ಳೆಯದೇ. ಆದರೆ ಕೋಡ್ ಸಿಕ್ಕ ಮಾತ್ರಕ್ಕೆ ಅರವತ್ತು ವರ್ಷದ ಹಿಂದಿನ ಡಬ್ಬಿ ಅಂಗಡಿಗೆ ಬರುವುದಿಲ್ಲವಲ್ಲ!

ನಮ್ಮ ಕಲಬುರಗಿಯಲ್ಲಿ ಹಳೆಯ ವಕೀಲರ, ಡಾಕ್ಟರರ ಮನೆಯ ಶೆಡ್ಡುಗಳಲ್ಲಿ ಇನ್ನೂ ಒಂದೊಂದು ಫಿಯಟ್ ನಿಂತಿರುತ್ತದೆ. ಮುಂಬೈನ ಕುರ್ಲಾದಲ್ಲಿ 1964ರಿಂದ ತಯಾರಾದ ಫಿಯಟ್ 1100 ಡಿಲೈಟ್, ಮುಂದೆ ಪದ್ಮಿನಿ ಅಂತ ಹೆಸರಾದ ಗಾಡಿ. ಅಂಥವುಗಳ ಡ್ಯಾಶ್‌ಬೋರ್ಡು ತಗಡಿನದು, ಮೇಲೆ ಬಣ್ಣ. ಐವತ್ತು ವರ್ಷ ದಾಟಿದ ಗಾಡಿಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ‘ವಿಎ’ ಅಕ್ಷರದ ಪ್ರತ್ಯೇಕ ನೋಂದಣಿ ತಂದ ಮೇಲೆ, ಅಜ್ಜನ ಕಾರನ್ನು ಮತ್ತೆ ಮೊದಲಿನಂತೆ ಮಾಡಬೇಕೆನ್ನುವ ಹುಡುಗರು ಹೆಚ್ಚಾಗಿದ್ದಾರೆ ಅಂತ ನನಗೆ ಅನಿಸುತ್ತದೆ. ಅವರು ಹೊರಗಿನ ಬಣ್ಣಕ್ಕೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಒಳಗಿನದಕ್ಕೆ ಬಂದಾಗ, “ಉಸ್ತಾದ್, ಕ್ರೀಮ್ ಕಲರ್ ಹೊಡ್ದುಬಿಡ್ರಿ” ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಕ್ರೀಮ್ ಅಂದರೆ ಯಾವ ಕ್ರೀಮ್? ಗಾಡಿ ಓಡಿಸುವವನ ಕಣ್ಣೆದುರು ಇರುವುದು ಬಾನೆಟ್ಟಿಗಿಂತ ಹೆಚ್ಚಾಗಿ ಡ್ಯಾಶ್‌ಬೋರ್ಡೇ.

ಹಾಗಾದರೆ ಮೂಲ ಬಣ್ಣ ಎಲ್ಲಿ ಸಿಗುತ್ತದೆ? ಮುಂದಿನ ಗಾಜಿನ ಕೆಳಗಿನ ಭಾಗವನ್ನು ನಂಬಬೇಡಿ, ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲು ಅದನ್ನು ಎಂದೋ ತಿಂದಿರುತ್ತದೆ. ಬಿಸಿಲೂ ಕೈಯೂ ಮುಟ್ಟದ ಜಾಗ ಬೇಕು. ಗ್ಲೋವ್ ಬಾಕ್ಸಿನ ಕೀಲು ಬಿಚ್ಚಿ, ಕೀಲು ಕೂತಿದ್ದ ಜಾಗ ನೋಡಿ. ಸ್ಪೀಡೋಮೀಟರ್ ಹೊರತೆಗೆದರೆ ಅದರ ಉಂಗುರದ ಅಡಿಯಲ್ಲಿ ಮೂಲ ಬಣ್ಣದ ಒಂದು ಬಳೆ ಹೊಳೆಯುತ್ತಾ ಕೂತಿರುತ್ತದೆ. ಆಶ್‌ಟ್ರೇ ಹಿಂದೆ, ಕ್ರೋಮ್ ಪಟ್ಟಿಯ ಕೆಳಗೆ ಕೂಡ ನೋಡಬಹುದು. ಬಾಗಿಲಿನ ರಬ್ಬರ್ ಬೀಡಿಂಗ್ ಅಡಿಯ ಬಣ್ಣ ಮಾತ್ರ ಬೇಡ. ರಬ್ಬರು ವರ್ಷಗಟ್ಟಲೆ ಒತ್ತಿಕೊಂಡಿದ್ದರೆ ಅದರ ಕಂದು ಬಣ್ಣಕ್ಕೆ ಇಳಿದಿರುತ್ತದೆ.

ಸಿಕ್ಕ ಬಣ್ಣ ಕಾರ್ಖಾನೆಯದೋ, ನಡುವೆ ಯಾರೋ ಹೊಡೆಸಿದ್ದೋ ತಿಳಿಯಲು ಒಂದು ಉಪಾಯ ಇದೆ. ಕಾಣದ ಮೂಲೆಯಲ್ಲಿ ನಯವಾದ ವಾಟರ್ ಪೇಪರನ್ನು, ಅಂದರೆ ನೀರು ಹಚ್ಚಿ ತಿಕ್ಕುವ ಸ್ಯಾಂಡ್‌ಪೇಪರನ್ನು, ನೀರಿನಲ್ಲಿ ಅದ್ದಿ, ನಾಣ್ಯದಷ್ಟು ಜಾಗವನ್ನು ಓರೆಯಾಗಿ ತಿಕ್ಕುತ್ತಾ ಹೋಗಿ. ಮರದ ಕಾಂಡ ಕುಯ್ದಾಗ ಕಾಣುವ ಉಂಗುರಗಳಂತೆ ಪದರಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ನಟ್ಟನಡುವೆ ತಗಡು, ಅದರ ಸುತ್ತ ಪ್ರೈಮರ್ ಅನ್ನುವ ತಳಕೋಟು, ಅದರಾಚೆಗೆ ಮೊದಲ ಬಣ್ಣ. ಎರಡನೇ ಪ್ರೈಮರ್ ಉಂಗುರ ಕಂಡಿತೋ, ಅದರ ಮೇಲಿನದೆಲ್ಲ ಆಮೇಲಿನ ಕೆಲಸ. ಒಣಗಿದಂತೆಯೇ ತಿಕ್ಕಬೇಡಿ. ಆ ಕಾಲದ ಹಳದಿ, ಕೆನೆ, ಹಸಿರು ಬಣ್ಣಗಳಲ್ಲಿ ಸೀಸ ಸೇರಿರುವುದು ಸಾಮಾನ್ಯ, ಅದರ ಧೂಳು ಎದೆಗೆ ಹೋಗಬಾರದು.

ಇಲ್ಲಿ ಅನೇಕರು ಮೋಸಹೋಗುವ ಒಂದು ವಿಷಯ ಹೇಳಲೇಬೇಕು. ಕತ್ತಲಲ್ಲಿದ್ದ ಬಣ್ಣ ಮಾಸಿರುವುದಿಲ್ಲ, ನಿಜ. ಆದರೆ ಎಣ್ಣೆ ಆಧಾರದ ಎನಾಮೆಲ್ ಕತ್ತಲಲ್ಲಿ ಹಳದಿಗೆ ತಿರುಗುತ್ತದೆ. ಗ್ಲೋವ್ ಬಾಕ್ಸಿನ ಒಳಗೆ ಬೆಣ್ಣೆ ಬಣ್ಣ ಕಂಡಿತು ಅಂತ ಹಾಗೇ ಬೆರೆಸಿದರೆ, ಕಾರ್ಖಾನೆ ಹೊಡೆದದ್ದಕ್ಕಿಂತ ಹಳದಿ ಹೆಚ್ಚಾದ ಡ್ಯಾಶ್‌ಬೋರ್ಡ್ ಕೈಗೆ ಬರುತ್ತದೆ. ಬಿಚ್ಚಿ ತೆಗೆಯಬಹುದಾದ ತುಂಡನ್ನು ಕೆಲವು ದಿನ ಹಗಲು ಬೆಳಕಿಗೆ ಇಟ್ಟು ನೋಡಿ. ಆ ಹಳದಿ ಬಹುಪಾಲು ಇಳಿಯುತ್ತದೆ, ಆಮೇಲೆ ಉಳಿದದ್ದನ್ನು ಹೋಲಿಸಿ. ಅದಕ್ಕೂ ಮೊದಲು ಹತ್ತಿಯಲ್ಲಿ ಸ್ವಲ್ಪ ರಬ್ಬಿಂಗ್ ಕಾಂಪೌಂಡ್, ಅಂದರೆ ಬಣ್ಣ ಉಜ್ಜುವ ಪೇಸ್ಟ್, ಹಚ್ಚಿ ಮೇಲಿನ ಕೊಳೆ, ಬೀಡಿ ಸಿಗರೇಟಿನ ಜಿಡ್ಡು ತೆಗೆದಿರಬೇಕು.

ಇನ್ನು ಬೆಳಕು. ನಮ್ಮ ಗ್ಯಾರೇಜುಗಳ ಮುಂದೆ ನೆರಳಿಗೆಂದು ನೀಲಿ ತಾಡಪತ್ರಿ ಕಟ್ಟುತ್ತಾರೆ. ಅದರ ಕೆಳಗೆ ಕೂತು ಕ್ರೀಮ್ ಬಣ್ಣ ಹೊಂದಿಸುವುದು ಅಂದರೆ ಕಣ್ಣಿಗೆ ನೀಲಿ ಕನ್ನಡಕ ಹಾಕಿಕೊಂಡಂತೆಯೇ. ಬೆಳಗಿನ ಒಂಬತ್ತು, ಹತ್ತು ಗಂಟೆಗೆ ಗೋಡೆಯ ಉತ್ತರ ಮಗ್ಗುಲ ನೆರಳಿಗೆ ಬನ್ನಿ. ಕೆಳಗೆ ಶಹಾಬಾದ್ ಫರಸಿ ಹಾಸಿದ್ದರೆ ಇನ್ನೂ ಒಳ್ಳೆಯದು. ಬಣ್ಣ ಹೋಲಿಸುವವರು ಹಿನ್ನೆಲೆಗೆ ಬೂದು ಬಣ್ಣವನ್ನೇ ಇಟ್ಟುಕೊಳ್ಳುತ್ತಾರೆ, ನಮ್ಮಲ್ಲಿ ಅದು ಅಂಗಳದಲ್ಲೇ ಬಿದ್ದಿದೆ. ಮಾದರಿಯ ಅಂಚು ಹಳೆಯ ಬಣ್ಣಕ್ಕೆ ಅಂಟಿಕೊಂಡಂತೆ ಹಿಡಿಯಿರಿ. ನಡುವೆ ಬೆರಳಷ್ಟು ಸಂದು ಬಿಟ್ಟರೂ ಕಣ್ಣು ಎರಡನ್ನೂ ಒಂದೇ ಅಂದುಬಿಡುತ್ತದೆ. ನೆರಳಿನಲ್ಲಿ ಕೂಡಿಬಂದದ್ದನ್ನು ರಾತ್ರಿ ಟ್ಯೂಬ್‌ಲೈಟಿನ ಕೆಳಗೂ ನೋಡಿ. ಹಗಲು ಒಂದಾಗಿದ್ದ ಎರಡು ಬಣ್ಣಗಳು ಅಲ್ಲಿ ಬೇರೆಯಾಗಿ ಕಾಣಬಹುದು. ಆಗ ಹಾಕಿದ್ದ ಸೀಸದ ಹಳದಿ ಬೇರೆ, ಈಗಿನ ಹಳದಿ ಬೇರೆ, ಬೆಳಕನ್ನು ಹಿಂದಿರುಗಿಸುವ ರೀತಿಯೂ ಬೇರೆ. ಎಲ್ಲ ಬೆಳಕಿನಲ್ಲೂ ಹೊಂದಲೇಬೇಕೆಂದು ಹಟ ಹಿಡಿದರೆ ಕೆಲಸ ಮುಗಿಯುವುದಿಲ್ಲ. ಕಾರು ನೋಡುವುದು ಹಗಲಲ್ಲಿ, ಹಗಲಿಗೆ ಹೊಂದಿದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಬಣ್ಣ ಅಳೆಯುವ ಯಂತ್ರ ದೊಡ್ಡ ಪೇಂಟ್ ಅಂಗಡಿಗಳಲ್ಲಿ ಇರುತ್ತದೆ. ಗ್ಲೋವ್ ಬಾಕ್ಸಿನ ಮುಚ್ಚಳ ಬಿಚ್ಚಿಕೊಂಡು ಹೋಗಿ ತೋರಿಸಿದರೆ ಒಂದು ಸೂತ್ರ ಕೊಡುತ್ತದೆ. ಅದಕ್ಕೆ ಚಪ್ಪಟೆಯಾದ, ಸ್ವಚ್ಛವಾದ ಜಾಗ ಬೇಕು, ಗುಂಡಾದ ಅಂಚಿನ ಮೇಲೆ ಇಟ್ಟರೆ ತಪ್ಪು ಓದುತ್ತದೆ. ಆ ಸೂತ್ರವನ್ನು ಆರಂಭ ಅಂತ ಹಿಡಿಯಿರಿ, ಮುಂದಿನದು ಉಸ್ತಾದರ ಕಣ್ಣಿನ ಕೆಲಸ. ಬಿಳಿಗೆ ಹಳದಿ ಸೇರಿಸಿ ಕೆನೆ ಬಣ್ಣ ಮಾಡಿದ್ದೀರಿ, ಸ್ವಲ್ಪ ಹೆಚ್ಚು ತಿಳಿಯಾಯಿತು ಅಂತ ಕಪ್ಪು ಹಾಕುತ್ತೀರಿ ಅನ್ನಿ. ಸೂಜಿಮೊನೆಯಷ್ಟು ಕಪ್ಪು ಬಿದ್ದರೂ ಕ್ರೀಮು ಹಸಿರಿಗೆ ವಾಲುತ್ತದೆ, ಯಾಕೆಂದರೆ ಹಳದಿಗೆ ಕಪ್ಪು ಕೂಡಿದರೆ ಬರುವುದು ಒಂಥರಾ ಹಸಿರು. ಗಾಬರಿಯಾಗಿ ಮತ್ತೆ ಬಿಳಿ ಸುರಿಯಬೇಡಿ. ರೆಡ್ ಆಕ್ಸೈಡ್ ಒಂದು ಹನಿ ಸಾಕು, ಹಸಿರು ಸತ್ತು ಬಣ್ಣ ಬೆಚ್ಚಗಾಗುತ್ತದೆ. ಹನಿ ಲೆಕ್ಕ ನಂಬಬೇಡಿ, ತೂಕದ ಲೆಕ್ಕ ಇಡಿ. ಡಬ್ಬಿಯೊಳಗಿನ ಹಸಿ ಬಣ್ಣ ನೋಡಿ ತೀರ್ಮಾನ ಮಾಡಲೇಬೇಡಿ. ಕಾರಿಗೆ ಹೊಡೆಯುವ ಪ್ರೈಮರನ್ನೇ ತಗಡಿನ ತುಂಡಿಗೆ ಹೊಡೆದು, ಅದರ ಮೇಲೆ ಎರಡು ಕೋಟ್ ಸ್ಪ್ರೇ ಗನ್ನಿನಿಂದ ಹೊಡೆದು, ರಾತ್ರಿಯಿಡೀ ಒಣಗಲು ಬಿಡಿ. ತಿಳಿ ಬಣ್ಣದ ಕೆಳಗೆ ಕೆಂಪು ಪ್ರೈಮರ್ ಇದ್ದರೆ ಅದು ಇಣುಕುತ್ತದೆ, ಬೂದು ಇದ್ದರೆ ಬೇರೆ ಥರ.

ಹೊಳಪೂ ಬಣ್ಣದ ಭಾಗವೇ. ಒಂದೇ ಬಣ್ಣ ಮಿರಿಮಿರಿ ಹೊಳೆದರೆ ಗಾಢವಾಗಿ, ಮಂಕಾಗಿದ್ದರೆ ತಿಳಿಯಾಗಿ ಕಾಣುತ್ತದೆ. ಡ್ಯಾಶ್‌ಬೋರ್ಡಿನ ಹೊಳಪು ಗಾಜಿನಲ್ಲಿ ಪ್ರತಿಬಿಂಬಿಸಿ ಓಡಿಸುವವನ ಕಣ್ಣು ಕುಕ್ಕುತ್ತದೆ. ಈಗಿನ ಹುಡುಗರು ಮೇಲೊಂದು ಬಣ್ಣವಿಲ್ಲದ ಕ್ಲಿಯರ್ ಕೋಟ್ ಹೊಡೆಸಿ ಕನ್ನಡಿಯಂತೆ ಮಾಡಿಸುತ್ತಾರೆ. ನೋಡಲು ಚೆಂದವೇ, ಆದರೆ ಅದು ಹಳೆಯ ಕಾರಿನ ಮುಖವಲ್ಲ.

“ಸರ, ಪೂರಾ ಹೊಡಿಬೇಕೋ, ಟಚಪ್ ಸಾಕೋ?” ಅಂತ ಉಸ್ತಾದರು ಕೇಳಿಯೇ ಕೇಳುತ್ತಾರೆ. ಪೂರಾ ಹೊಡೆಸುವುದಾದರೆ ಮುಚ್ಚಿದ್ದ ಜಾಗದ ಬಣ್ಣಕ್ಕೆ ಹೊಂದಿಸಿ. ಒಂದು ಗೀರು ಮುಚ್ಚುವುದಷ್ಟೇ ಆದರೆ ಅದರ ಪಕ್ಕದ ಮಾಸಿದ ಬಣ್ಣಕ್ಕೆ ಹೊಂದಿಸಬೇಕು. ಇಲ್ಲದಿದ್ದರೆ ತೇಪೆ ಎದ್ದು ಕಾಣುತ್ತದೆ. ಸಾಧ್ಯವಿದ್ದಲ್ಲಿ ಹಳೆಯದನ್ನೇ ಉಳಿಸಿಕೊಳ್ಳಿ ಎನ್ನುವವನು ನಾನು.

ಥಿನ್ನರ್ ಬೆರೆಸಿ ಹೊಡೆಯುವ, ಬೇಗ ಒಣಗುವ ಬಣ್ಣಕ್ಕೆ ಡ್ಯುಕೊ ಅನ್ನುತ್ತಾರೆ. ಮಳೆಗಾಲದ ತೇವದಲ್ಲಿ ಡ್ಯುಕೊ ಹೊಡೆದರೆ ಮೇಲೆ ಬಿಳಿ ಮಂಜು ಕೂರುತ್ತದೆ. ಮೇ ತಿಂಗಳ ಮಧ್ಯಾಹ್ನ ಹೊಡೆದರೆ ಬಣ್ಣ ತಗಡಿಗೆ ತಾಗುವ ಮೊದಲೇ ಗಾಳಿಯಲ್ಲಿ ಒಣಗಿ ಮರಳಿನಂತೆ ಒರಟಾಗುತ್ತದೆ. ದಸರಾ ಕಳೆದ ಮೇಲೆ, ಬೆಳಗಿನ ಹೊತ್ತು, ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿಕೊಂಡು ಹೊಡೆಯುವುದು ನಮ್ಮ ಊರಿಗೆ ಸರಿ. ಹಳೆಯ ಎನಾಮೆಲ್ ಮೇಲೆ ನೇರವಾಗಿ ಡ್ಯುಕೊ ಬೇಡ, ಥಿನ್ನರ್ ತಾಗಿ ಕೆಳಗಿನ ಪದರ ಸುಕ್ಕೇಳುತ್ತದೆ. ಹಾರ್ಡನರ್, ಅಂದರೆ ಬಣ್ಣ ಗಟ್ಟಿಯಾಗಿಸುವ ರಾಸಾಯನಿಕ, ಬೆರೆಸುವ ಬಣ್ಣ ಗಟ್ಟಿ, ನಿಜ. ಆದರೆ ಅದರ ಹಬೆಗೆ ಮೂಗಿಗೆ ಕಟ್ಟಿದ ಕರವಸ್ತ್ರ ಯಾವ ಲೆಕ್ಕಕ್ಕೂ ಇಲ್ಲ, ಹೊರಗಿನಿಂದ ಶುದ್ಧ ಗಾಳಿ ಬರುವ ಮುಖವಾಡ ಬೇಕು. ಅಷ್ಟು ವ್ಯವಸ್ಥೆ ಇಲ್ಲದಿದ್ದರೆ ಒಳಭಾಗಕ್ಕೆ ಎನಾಮೆಲ್ಲೇ ಸಾಕು.

ಕೆಲಸ ಮುಗಿದ ಮೇಲೆ ಗ್ರಾಮಿನ ಲೆಕ್ಕವನ್ನು ಒಂದು ಕಾರ್ಡಿನಲ್ಲಿ ಬರೆದು, ಅದೇ ಬಣ್ಣದ ಒಂದು ಗುರುತು ಹಚ್ಚಿ, ಗಾಡಿ ಕಾಗದಗಳ ಜೊತೆಗಿಡಿ. ಉಳಿದ ಬಣ್ಣವನ್ನು ಚಿಕ್ಕ ಗಾಜಿನ ಬಾಟಲಿಗೆ ಬಾಯಿಮಟ ತುಂಬಿಡಿ, ಒಳಗೆ ಗಾಳಿ ಉಳಿದರೆ ಕೆನೆಗಟ್ಟುತ್ತದೆ. ಹಾರ್ಡನರ್ ಬೆರೆಸಿದ್ದನ್ನು ಇಡಲು ಬರುವುದಿಲ್ಲ, ಬೆರೆಸುವ ಮೊದಲೇ ಬಾಟಲಿಗೆ ತೆಗೆದಿಟ್ಟುಕೊಳ್ಳಿ. ನಮಸ್ಕಾರ.