ವಲಸಿಗರು ಅಂಗಡಿ ತೆರೆಯುವುದೇಕೆ?

ನಮಸ್ಕಾರ. ಕಳೆದ ಸಂಚಿಕೆಯ ಕೆಳಗೆ ವೀಕ್ಷಕರೊಬ್ಬರು, "ವಲಸಿಗರಿಗೆ ವ್ಯಾಪಾರ ರಕ್ತಗತ, ಅದಕ್ಕಾಗಿಯೇ ಅವರು ದೇಶ ಬಿಡುತ್ತಾರೆ" ಎಂದು ಬರೆದಿದ್ದಾರೆ. ಹೊಗಳಿಕೆಯಂತೆ ಕೇಳಿಸುವ ಈ ಮಾತನ್ನು ನಾನು ಒಪ್ಪಲಾರೆ. ಬಹುಪಾಲು ಜನ ದೇಶ ಬಿಡುವುದು ಜೀವ ಉಳಿಸಿಕೊಳ್ಳಲು, ಹೆಚ್ಚಿನ ಸಂಬಳ ಗಳಿಸಲು, ಇಲ್ಲವೇ ಮೊದಲೇ ಹೋದ ಬಂಧುಗಳನ್ನು ಸೇರಿಕೊಳ್ಳಲು. ಅಂಗಡಿಯ ಯೋಚನೆ ಬರುವುದು ಆಮೇಲೆ, ನೌಕರಿಯ ಬಾಗಿಲು ಮುಚ್ಚಿದಾಗ.

ಅಮೆರಿಕದ ಚೀನೀ ಹೋಟೆಲುಗಳನ್ನೇ ನೋಡಿ. 1882ರ ಕಾಯ್ದೆ ಚೀನೀ ಕೂಲಿಕಾರರ ಪ್ರವೇಶವನ್ನು ನಿಷೇಧಿಸಿ, ವ್ಯಾಪಾರಿಗಳು, ವಿದ್ಯಾರ್ಥಿಗಳು ಮುಂತಾದ ಕೆಲವರಿಗೆ ಮಾತ್ರ ವಿನಾಯಿತಿ ಕೊಟ್ಟಿತು. 1915ರಲ್ಲಿ ನ್ಯಾಯಾಲಯವೊಂದು ಹೋಟೆಲು ಮಾಲೀಕರನ್ನೂ ವ್ಯಾಪಾರಿಗಳೆಂದು ಆ ವಿನಾಯಿತಿಯೊಳಗೆ ಸೇರಿಸಿತು. ಅಲ್ಲಿಂದಾಚೆಗೆ ಹೋಟೆಲು ನಡೆಸುವವನು ತನ್ನ ಊರಿಗೆ ಹೋಗಿಬರಬಹುದಾಗಿತ್ತು, ಬಂಧುಗಳನ್ನು ಕರೆತರಬಹುದಾಗಿತ್ತು. ಹೋಟೆಲುಗಳ ಸಂಖ್ಯೆ ಏರುತ್ತಲೇ ಹೋಯಿತು. ಆ ಜನರ ರಕ್ತ 1915ರಲ್ಲಿ ಬದಲಾಗಲಿಲ್ಲ, ಕಾನೂನು ಬದಲಾಯಿತು.

"ಉಗಾಂಡಾದಿಂದ ಬ್ರಿಟನ್ನಿಗೆ ಬಂದ ಏಷ್ಯನ್ನರು ಮೊದಲೇ ವ್ಯಾಪಾರಿಗಳಲ್ಲವೇ?" ಎಂದು ಕೆಲವರು ತಕ್ಷಣ ಕೇಳುತ್ತಾರೆ. ಹಲವರು ಹೌದು. ಆದರೆ 1972ರ ಆಗಸ್ಟ್‌ನಲ್ಲಿ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ 90 ದಿನಗಳ ಗಡುವು ಕೊಟ್ಟು ಅವರನ್ನು ಹೊರಹಾಕಿದಾಗ, ಬ್ರಿಟನ್ನಿನ ಲೆಸ್ಟರ್ ನಗರಸಭೆ ಉಗಾಂಡಾದ ಪತ್ರಿಕೆಯಲ್ಲಿ 'ನಮ್ಮ ನಗರಕ್ಕೆ ಬರಬೇಡಿ' ಎಂಬರ್ಥದ ಜಾಹೀರಾತನ್ನೇ ಹಾಕಿಸಿತ್ತು. ಹಾಗಿದ್ದೂ ಬಂದವರಲ್ಲಿ ಎಷ್ಟೋ ಮಂದಿ ಮೊದಲು ಸೇರಿದ್ದು ಕಾರ್ಖಾನೆಗಳಿಗೆ. 1974ರಲ್ಲಿ ಅದೇ ನಗರದ ಇಂಪೀರಿಯಲ್ ಟೈಪ್‌ರೈಟರ್ಸ್ ಕಾರ್ಖಾನೆಯ ಏಷ್ಯನ್ ಕಾರ್ಮಿಕರು ತಾರತಮ್ಯದ ವಿರುದ್ಧ ಮುಷ್ಕರ ಹೂಡಿದರು. ಮರುವರ್ಷ ಕಾರ್ಖಾನೆಯೇ ಮುಚ್ಚಿತು. ವ್ಯಾಪಾರ ರಕ್ತದಲ್ಲಿದ್ದರೆ ಅವರು ಬೋನಸ್ಸಿಗಾಗಿ ಬೀದಿಗಿಳಿಯುತ್ತಿದ್ದರೇ? ಅವರು ಕೇಳಿದ್ದು ನ್ಯಾಯವಾದ ಕೂಲಿಯನ್ನು!

ಇನ್ನು ಕಂಪ್ಯೂಟರ್ ಚಿಪ್ ತಯಾರಿಸುವ ಇಂಟೆಲ್ ಕಂಪನಿಯ ಮುಖ್ಯಸ್ಥರಾಗಿದ್ದ ಆಂಡ್ರ್ಯೂ ಗ್ರೋವ್ ಹೆಸರನ್ನು ನನ್ನ ಮುಂದೆ ತರುವವರಿದ್ದಾರೆ. 1956ರ ಹಂಗೇರಿಯ ದಂಗೆಯ ಬಳಿಕ ದೇಶ ಬಿಟ್ಟ ಆ ಯುವಕ ಅಮೆರಿಕದಲ್ಲಿಯೇ ಪದವಿ ಪಡೆದರು, ಪಡೆದ ಕೂಡಲೇ ಸಂಬಳದ ಕೆಲಸಕ್ಕೆ ಸೇರಿದರು. ಮುಂದೆ ಅವರು ಮುನ್ನಡೆಸಿದ ಇಂಟೆಲ್ ಅನ್ನು 1968ರಲ್ಲಿ ಸ್ಥಾಪಿಸಿದ್ದು ಅಮೆರಿಕದಲ್ಲೇ ಹುಟ್ಟಿದ ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್. ಅಲ್ಲಿನ ಪದವಿಗೆ ಅಲ್ಲಿ ಬೆಲೆಯಿತ್ತು, ಬಾಗಿಲು ತೆರೆಯಿತು. ಬೇರೆ ದೇಶದ ವೈದ್ಯಕೀಯ ಪದವಿ ಹಿಡಿದು ಬಂದವರು ಮತ್ತೆ ಪರೀಕ್ಷೆ, ಮತ್ತೆ ತರಬೇತಿ ಎಂದು ವರ್ಷಗಳನ್ನು ಕಳೆಯಬೇಕಾಗುತ್ತದೆ, ಅಷ್ಟರಲ್ಲಿ ಮನೆ ಬಾಡಿಗೆ ಕಾಯುವುದಿಲ್ಲ. ಅಂಥವರು ಅಂಗಡಿ ತೆರೆದರೆ ನಾವು ಅದನ್ನು ಸಾಹಸ ಪ್ರವೃತ್ತಿ ಎಂದು ಕರೆದು ಚಪ್ಪಾಳೆ ತಟ್ಟುತ್ತೇವೆ. ವೈದ್ಯರೊಬ್ಬರನ್ನು ಕಳೆದುಕೊಂಡ ರೋಗಿಗಳ ಬಗ್ಗೆ ಯಾರೂ ಮಾತನಾಡುವುದಿಲ್ಲ.

ಈ ಮಾತುಗಳು ನಿಮಗೆ ಮುಖ್ಯವೆನಿಸಿದರೆ ವಾಹಿನಿಗೆ ಚಂದಾದಾರರಾಗಿ, ಮುಖ್ಯವಾಗಿ ಆ ವೀಕ್ಷಕರಿಗೆ ಬೆಂಬಲ ಕೊಟ್ಟವರಿಗೆ ಈ ಸಂಚಿಕೆಯನ್ನು ಕಳುಹಿಸಿ.

ಬ್ಯಾಂಕು ಸಾಲ ಕೊಡದಿದ್ದಾಗ ಕೊರಿಯನ್ ವಲಸಿಗರು ತಮ್ಮತಮ್ಮೊಳಗೆ ಚೀಟಿ ಹಾಕಿ ಬಂಡವಾಳ ಕೂಡಿಸಿದರು. ಅದು ಪರಸ್ಪರ ನಂಬಿಕೆ, ಅದು ಶ್ರಮ. ಅದನ್ನೂ ರಕ್ತದ ಲೆಕ್ಕಕ್ಕೆ ಬರೆಯುವುದು ಆ ಜನರಿಗೆ ಮಾಡುವ ಅವಮಾನ. "ಕೆಲವರು ವ್ಯಾಪಾರಕ್ಕೆಂದೇ ಹೋಗುತ್ತಾರಲ್ಲ" ಎನ್ನುತ್ತೀರಿ. ಹೋಗಲಿ, ಬಂಡವಾಳ ಕೈಯಲ್ಲಿ ಹಿಡಿದು ಹೋಗುವವರ ಕುರಿತು ನಾನು ಮಾತನಾಡುತ್ತಿಲ್ಲ. ದಿನಕ್ಕೆ ಹದಿನಾರು ಗಂಟೆ ಗಲ್ಲಾಪೆಟ್ಟಿಗೆಯ ಹಿಂದೆ ನಿಲ್ಲುವವರನ್ನು ಒಮ್ಮೆ ಕೇಳಿ: ಮೊದಲು ಯಾವ ಕೆಲಸಕ್ಕೆ ಅರ್ಜಿ ಹಾಕಿದ್ದಿರಿ, ಬಂದ ಉತ್ತರವೇನು? ಕೇಳಿದ ಮೇಲೆ ಇಲ್ಲಿಗೆ ಬಂದು ರಕ್ತದ ಮಾತನ್ನು ಬರೆಯಿರಿ, ನಾನು ಮುಂದಿನ ವಾರವೂ ಇದನ್ನೇ ಹೇಳುತ್ತೇನೆ.